ಸೋರೆಕಾಯಿ ಬ್ರೆಡ್: ಮೇಲೆ ಬಿರುಕು, ಒಳಗೆ ಹಸಿ, ನಡುವೆ ಹಸಿರು ಚುಕ್ಕೆ. ಏನಾಗಿದೆ?

ಪ್ರಶ್ನೆ: ನಾವು ಕುಷ್ಟಗಿ ಹತ್ತಿರದವರು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ಸೋರೆಕಾಯಿ ಪಲ್ಯ ಅಂದರೆ ತಟ್ಟೆ ದೂಡುತ್ತಾರೆ. ಅದಕ್ಕೇ ಸೋರೆಕಾಯಿ, ಕ್ಯಾರೆಟ್ ತುರಿ ಹಾಕಿ ಬೆಲ್ಲದ ಬ್ರೆಡ್ ಮಾಡಲು ಶುರು ಮಾಡಿದೆ. ಯೀಸ್ಟ್ ಇಲ್ಲ, ಮೊಟ್ಟೆ ಇಲ್ಲ. ಎರಡು ಕಪ್ ಗೋಧಿ ಹಿಟ್ಟು, ಎರಡು ಕಪ್ ಸೋರೆ ತುರಿ, ಅರ್ಧ ಕಪ್ ಕ್ಯಾರೆಟ್, ಒಂದು ಕಪ್ ಮೊಸರು, ಒಂದು ಕಪ್ ಬೆಲ್ಲ, ಅರ್ಧ ಕಪ್ ಎಣ್ಣೆ, ಒಂದು ಟೀ ಚಮಚ ಅಡುಗೆ ಸೋಡಾ, ನಮ್ಮ ಹೊಲದ್ದೇ ಸುಲಿದ ಸೂರ್ಯಪಾನದ (ಸೂರ್ಯಕಾಂತಿ) ಬೀಜ. ಸಣ್ಣ ಓಟಿಜಿಯಲ್ಲಿ (ಕರೆಂಟ್ ಓವನ್) 180 ಡಿಗ್ರಿ, 40 ನಿಮಿಷ. ಮೇಲೆ ಚೆನ್ನಾಗಿ ಕೆಂಪಾಗಿ ಉದ್ದಕ್ಕೆ ಬಿರುಕು ಬಿಟ್ಟಿತು, ಒಳಗೆ ಅಂಟು ಅಂಟು. ಉಬ್ಬಲಿಲ್ಲ ಅಂತ ಮುಂದಿನ ಸಲ ಸೋಡಾ ಎರಡು ಚಮಚ ಹಾಕಿದೆ. ಉಬ್ಬಿ ಮತ್ತೆ ಕುಸಿಯಿತು, ಸೋಪಿನ ವಾಸನೆ ಬಂತು. ಮರುದಿನ ಕೊಯ್ದರೆ ಒಳಗೆಲ್ಲಾ ಹಸಿರು ಚುಕ್ಕೆ! ಅತ್ತೆ "ಬೂಷ್ಟು ಹಿಡಿದಿದೆ, ಸೋಡಾ ವಿಷ ಆಗಿದೆ" ಅಂತ ಎಸೆದುಬಿಟ್ಟರು. ಅಷ್ಟರಲ್ಲಿ ಮಕ್ಕಳು ಎರಡೆರಡು ತುಂಡು ತಿಂದಾಗಿತ್ತು. ಏನಾದರೂ ಆಗುತ್ತದಾ? ಮೊಟ್ಟೆ ಇಲ್ಲದ್ದಕ್ಕೆ ಹೀಗಾಯಿತಾ? ಜೋಳದ ಹಿಟ್ಟು ಹಾಕಬಹುದಾ? ಕರೆಂಟ್ ಹೋದಾಗ ಕುಕ್ಕರ್‌ನಲ್ಲಿ ಮಾಡಬಹುದಾ?

ಉತ್ತರ: ಮೊದಲು ಮಕ್ಕಳ ವಿಷಯ. ಆ ಹಸಿರು ಚುಕ್ಕೆಯಿಂದ ಏನೂ ಆಗುವುದಿಲ್ಲ. ಅದು ಬೂಷ್ಟಲ್ಲ, ವಿಷವೂ ಅಲ್ಲ. ನಿಮ್ಮ ಹೊಲದ ಬೀಜಕ್ಕೂ ಜಾಸ್ತಿಯಾದ ಸೋಡಾಕ್ಕೂ ನಡೆದ ಪ್ರತಿಕ್ರಿಯೆ.

ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಅನ್ನುವ ಅಂಶ ಸಹಜವಾಗಿಯೇ ಇರುತ್ತದೆ. ಕಾಫಿಯಲ್ಲೂ ಇದೆ. ಹಿಟ್ಟು ಕ್ಷಾರವಾದಾಗ, ಅಂದರೆ ಮೊಸರಿನ ಹುಳಿಗೆ ಕರಗದಷ್ಟು ಸೋಡಾ ಉಳಿದಾಗ, ಈ ಆಮ್ಲ ಹಿಟ್ಟಿನ ಪ್ರೋಟೀನ್ ಜೊತೆ ಸೇರಿ ಹಸಿರು ಬಣ್ಣ ಕಟ್ಟುತ್ತದೆ. ಇದಕ್ಕೆ ಹೊತ್ತು ಬೇಕು. ಅದಕ್ಕೇ ಬಿಸಿಯಿರುವಾಗ ಕಾಣದೆ ಮರುದಿನ ಕಾಣಿಸಿತು. ಕ್ಯಾರೆಟ್ ಎಳೆಗಳ ಸುತ್ತಲೂ ಒಮ್ಮೊಮ್ಮೆ ಹೀಗೇ ಆಗುತ್ತದೆ. ಕೊಪ್ಪಳ, ರಾಯಚೂರು ಕಡೆಯವರು ಮನೆಯ ಬೀಜವನ್ನೇ ಹಾಕುವುದರಿಂದ ಇರಬೇಕು, ಈ ಪ್ರಶ್ನೆ ನನ್ನ ತರಗತಿಗೆ ಪದೇ ಪದೇ ಬರುತ್ತದೆ.

ಬೂಷ್ಟನ್ನು ಗುರುತಿಸುವುದು ಕಷ್ಟವಿಲ್ಲ. ಅದು ಸಾಮಾನ್ಯವಾಗಿ ಹೊರಗಿನಿಂದ ಶುರುವಾಗುತ್ತದೆ. ನೂಲಿನಂತೆ ಎದ್ದಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಒಂದೇ ರಾತ್ರಿಯಲ್ಲಿ ಬ್ರೆಡ್‌ನ ಹೊಟ್ಟೆಯೊಳಗೆ, ಪ್ರತಿ ಬೀಜದ ಸುತ್ತ ಸಮನಾಗಿ ಹಸಿರು ಬಂದಿದ್ದರೆ ಅದು ಬೂಷ್ಟಲ್ಲ. ಆದರೆ ನಿಜವಾದ ಬೂಷ್ಟು ಎಲ್ಲೋ ಒಂದು ಕಡೆ ಕಂಡರೂ ಅಷ್ಟನ್ನೇ ಕೊಯ್ದು ತೆಗೆದು ಉಳಿದದ್ದನ್ನು ತಿನ್ನಬೇಡಿ. ಇಂಥ ಮೆತ್ತಗಿನ ಬ್ರೆಡ್‌ನಲ್ಲಿ ಅದರ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತದೆ.

ಇನ್ನು ಸೋಡಾ. ವಿಷ ಅಲ್ಲ, ಆದರೆ ಲೆಕ್ಕವಿಲ್ಲದೆ ಹಾಕುವ ವಸ್ತುವೂ ಅಲ್ಲ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,260 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ಚಮಚ ಸೋಡಾ ಹಾಕಿದ ನಿಮ್ಮ ಬ್ರೆಡ್ಡನ್ನು ಹನ್ನೆರಡು ತುಂಡು ಮಾಡಿದರೆ ಒಂದೊಂದರಲ್ಲಿ ಸೋಡಾದಿಂದಲೇ 210 ಮಿಲಿಗ್ರಾಂ ಬರುತ್ತದೆ. ಎರಡು ತುಂಡು ತಿಂದ ಮಕ್ಕಳಿಗೆ ಅಪಾಯವಿಲ್ಲ. ಬಿಪಿ ಇರುವ ಹಿರಿಯರು ದಿನಾ ತಿಂದರೆ ಮಾತ್ರ ಯೋಚಿಸಬೇಕಾದ ಪ್ರಮಾಣ.

ಈಗ ಅಸಲಿ ತೊಂದರೆಗೆ ಬರೋಣ. "ಉಬ್ಬಲಿಲ್ಲ" ಅಂತ ನೀವು ಬರೆದಿದ್ದೀರಿ. ನಿಮ್ಮ ಅಳತೆ ನೋಡಿದರೆ ಉಬ್ಬುವ ಶಕ್ತಿಗೆ ಕೊರತೆಯೇ ಇರಲಿಲ್ಲ. ಇದ್ದದ್ದು ನೀರಿನ ಹೊರೆ.

ಸೋರೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರೇ ಇರುತ್ತದೆ. ಎರಡು ಕಪ್ ತುರಿ ಹೆಚ್ಚುಕಡಿಮೆ 250 ಗ್ರಾಂ ಆಯಿತು. ಅಂದರೆ ಮೊಸರಿನ ಜೊತೆಗೆ ಇನ್ನೂ ಒಂದು ಕಪ್ ನೀರು ಹಾಕಿದ ಲೆಕ್ಕ. ಕಲಸುವಾಗ ಅದು ಕಾಣುವುದಿಲ್ಲ. ಹಿಟ್ಟು ಗಟ್ಟಿಯಾಗಿದೆ ಅನ್ನಿಸುತ್ತದೆ, ಕೆಲವರು ಇನ್ನೊಂದಿಷ್ಟು ಹಾಲನ್ನೂ ಹಾಕುತ್ತಾರೆ. ಓವನ್‌ನ ಕಾವಿಗೆ, ಬೆಲ್ಲ ಉಪ್ಪಿನ ಎಳೆತಕ್ಕೆ ತುರಿ ನೀರು ಬಿಡುತ್ತದೆ. ಆಗ ನಡುಭಾಗ ಬೇಯುವ ಬದಲು ಅಲ್ಲೇ ಕುದಿಯುತ್ತಾ ಕೂರುತ್ತದೆ. ಕ್ಯಾರೆಟ್‌ನಲ್ಲಿ ನೀರು ನೂರಕ್ಕೆ 88ರಷ್ಟು, ಕುಂಬಳದಲ್ಲಿ 91-92ರಷ್ಟು. ಬರೀ ಕ್ಯಾರೆಟ್ ಹಾಕಿದಾಗ ಅದೇ ಅಳತೆ ಸರಿಹೋಗಿ, ಸೋರೆ ಹಾಕಿದಾಗ ಕೈಕೊಡುವುದು ಇದಕ್ಕೇ.

ಹಾಗಾಗಿ ಮೊದಲು ಬದಲಿಸಬೇಕಾದದ್ದು ಒಂದೇ. ಸೋರೆಯನ್ನು ತುರಿದು, ಬ್ರೆಡ್‌ಗೆ ಹಾಕಬೇಕೆಂದಿದ್ದ ಅರ್ಧ ಟೀ ಚಮಚ ಉಪ್ಪನ್ನು ಅದಕ್ಕೇ ಸವರಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ತೆಳು ಪಂಚೆಯ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಮೊದಲು ಧಾರೆಯಾಗಿ ಇಳಿಯುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಂತ ಮೇಲೆ ಗಂಟನ್ನು ತಿರುವಿ ಇನ್ನೊಮ್ಮೆ ಒತ್ತಿ. ಆಗಲೂ ಬರುತ್ತದೆ. ತುರಿ ಅರ್ಧಕ್ಕರ್ಧ ಕುಗ್ಗಿ, ಬಟ್ಟೆ ಬಿಚ್ಚಿದಾಗ ಉಂಡೆಯಾಗಿ ನಿಲ್ಲಬೇಕು. ಅದನ್ನು ಬೆರಳಲ್ಲಿ ಬಿಡಿಸಿ ಹಾಕಿ. ಹಿಂಡಿದ ನೀರನ್ನು ಸಾರಿಗೆ ಬಳಸಿ, ಉಪ್ಪು ಮಾತ್ರ ನೋಡಿಕೊಂಡು ಹಾಕಿ.

ನಿಮ್ಮ ಹಿಟ್ಟಿನದ್ದೂ ಸ್ವಲ್ಪ ಪಾಲಿದೆ. ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಜಾಸ್ತಿ ಒಡೆದಿರುತ್ತವೆ. ಒಡೆದ ಪಿಷ್ಟ ನೀರನ್ನು ಚೆನ್ನಾಗಿ ಹೀರುತ್ತದೆ, ಚಪಾತಿ ಮೆತ್ತಗಾಗುವುದು ಅದರಿಂದಲೇ. ಇಂಥ ಬ್ರೆಡ್‌ನಲ್ಲಿ ಅದೇ ಗುಣ ಅಂಟಾಗಿ ಬರುತ್ತದೆ. ಗೋಧಿ ಮತ್ತು ಮೈದಾ ಅರ್ಧರ್ಧ ಹಾಕಿ. ಮೈದಾ ಬೇಡವೇ ಬೇಡ ಅನ್ನುವವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಆದರೆ ಪೂರ್ತಿ ಗೋಧಿಯಾದರೆ ಬ್ರೆಡ್ ಸ್ವಲ್ಪ ಬಿಗಿಯಾಗೇ ಬರುತ್ತದೆ, ಅದನ್ನು ಸೋಡಾದಿಂದ ಸರಿಮಾಡಲು ಹೋಗಬೇಡಿ.

ಸೋಡಾ ಜಾಸ್ತಿಯಾದರೆ ಏಕೆ ಕುಸಿಯುತ್ತದೆ ಗೊತ್ತಾ? ಗಾಳಿಗುಳ್ಳೆಗಳು ಬೇಗ ದೊಡ್ಡದಾಗುತ್ತವೆ. ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಒಂದಕ್ಕೊಂದು ಕೂಡಿ ಒಡೆದುಹೋಗುತ್ತವೆ. ಒದ್ದೆ ಹಿಟ್ಟಿನಲ್ಲಂತೂ ಇದು ಖಾತ್ರಿ. ಒಂದು ಕಪ್ ಹುಳಿ ಮೊಸರಿಗೆ ಅರ್ಧ ಟೀ ಚಮಚ ಸೋಡಾ ಸಾಕು, ಅದಕ್ಕಿಂತ ಜಾಸ್ತಿಯಾದದ್ದು ಹಾಗೇ ಉಳಿದು ಸೋಪಿನ ರುಚಿ ಕೊಡುತ್ತದೆ. ಉಳಿದ ಉಬ್ಬುವ ಕೆಲಸವನ್ನು ಬೇಕಿಂಗ್ ಪೌಡರ್‌ಗೆ ಬಿಡಿ. ಅದರಲ್ಲಿ ಸೋಡಾದ ಜೊತೆ ಅದಕ್ಕೆ ಬೇಕಾದ ಹುಳಿಯೂ ಸೇರಿರುತ್ತದೆ. ಯೀಸ್ಟ್ ಒಗ್ಗದ ಹೆಂಡತಿಗಾಗಿ ಆಲ್ಫ್ರೆಡ್ ಬರ್ಡ್ ಎಂಬ ಇಂಗ್ಲೆಂಡಿನ ಔಷಧಿ ವ್ಯಾಪಾರಿ 1843ರಲ್ಲಿ ಇಂಥ ಪುಡಿ ಮಾಡಿದ. ಸುಮ್ನೆ ಕಲಸಿ ಬೇಯಿಸುವ ಈ ಬ್ರೆಡ್ಡುಗಳೆಲ್ಲಾ ಇವತ್ತಿಗೂ ಅಂಥ ಪುಡಿಯನ್ನೇ ನಂಬಿವೆ. ಈನೋ ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಹಾಕಬಹುದು. ಅದೂ ಸೋಡಾ ಮತ್ತು ಸಿಟ್ರಿಕ್ ಆಮ್ಲವೇ. ಆದರೆ ನೀರು ತಾಕಿದ ತಕ್ಷಣ ಅದರ ಬಲವೆಲ್ಲಾ ಹೊರಗೆ ಬರುತ್ತದೆ. ಕಲಸಿದ ಮರುಕ್ಷಣವೇ ಟಿನ್ ಓವನ್ ಸೇರಬೇಕು. ಒಂದು ಗಂಟೆ ಬೇಯುವ ಬ್ರೆಡ್‌ಗೆ ನಾನು ಅದನ್ನು ಹೇಳುವುದಿಲ್ಲ.

ನಮ್ಮ ಭಾಗದವರು ಸೋಡಾ ವಿಷಯದಲ್ಲಿ ಹುಷಾರಾಗಿರಬೇಕಾದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಹಿಟ್ಟಿನಲ್ಲಿ ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಬ್ರೆಡ್ ಬೆಂದರೂ ಅವು ಸಾಯುವುದಿಲ್ಲ. ಒಳಗೆ ತೇವ ಇದ್ದು, ಹುಳಿ ಕಡಿಮೆಯಿದ್ದು, ಹೊರಗೆ ಸೆಕೆ ಇದ್ದರೆ ಒಂದೆರಡು ದಿನದಲ್ಲಿ ಎದ್ದು ಕೂರುತ್ತವೆ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದಲ್ವಾ, ಅಡುಗೆಮನೆ ಅವುಗಳಿಗೆ ಹೇಳಿಮಾಡಿಸಿದ ಜಾಗ. ಬ್ರೆಡ್ ಮುರಿದರೆ ನಡುವೆ ಅಂಟಂಟಾದ ಎಳೆ ಎಳೆಯುತ್ತದೆ, ಕೊಳೆತ ಹಣ್ಣಿನ ಸಿಹಿ ವಾಸನೆ ಬರುತ್ತದೆ. ಅದನ್ನು ತಿನ್ನಬಾರದು. ಸೋಡಾ ಜಾಸ್ತಿ ಹಾಕಿದಷ್ಟೂ ಹುಳಿ ಸಾಯುತ್ತದೆ, ಇವುಗಳಿಗೆ ದಾರಿ ಸಲೀಸಾಗುತ್ತದೆ. ಎಳೆ ಕಂಡರೆ ಬ್ರೆಡ್ ಎಸೆದು ಟಿನ್, ಚಾಕು, ಡಬ್ಬಿ ಎಲ್ಲವನ್ನೂ ಬಿಸಿನೀರಲ್ಲಿ ತೊಳೆದು ವಿನೆಗರ್ ಸವರಿ ಒಣಗಿಸಿ. ಇಲ್ಲದಿದ್ದರೆ ಮುಂದಿನ ಬ್ರೆಡ್‌ಗೂ ಅಂಟುತ್ತದೆ.

ಮೇಲಿನ ಬಿರುಕಿಗೆ ಬೇಸರ ಮಾಡಿಕೊಳ್ಳಬೇಡಿ. ಉದ್ದನೆಯ ಟಿನ್‌ನಲ್ಲಿ ಬೇಯುವ ಇಂಥ ಬ್ರೆಡ್ ಬಿರಿಯುವುದೇ ಸರಿ. ಮೇಲ್ಪದರ ಗಟ್ಟಿಯಾದ ಮೇಲೂ ಒಳಗಿನದು ಉಬ್ಬುತ್ತಿರುತ್ತದೆ.

ಮೋಸ ಮಾಡುವುದು ಬಿರುಕಲ್ಲ, ಬಣ್ಣ. ಬೆಲ್ಲ ಸಕ್ಕರೆಗಿಂತ ಬೇಗ ಕೆಂಪಾಗುತ್ತದೆ. ಸಣ್ಣ ಓಟಿಜಿಯಲ್ಲಿ ಮೇಲಿನ ರಾಡ್ ಟಿನ್‌ನ ತಲೆಯ ಮೇಲೇ ಇರುತ್ತದೆ. 40 ನಿಮಿಷಕ್ಕೆ ಮೇಲೆ ಕೆಂಪಾಯಿತೆಂದು ತೆಗೆದಿದ್ದೀರಿ, ಇಷ್ಟು ತರಕಾರಿ ಇರುವ ಬ್ರೆಡ್‌ಗೆ ಒಂದು ಗಂಟೆ ಬೇಕೇ ಬೇಕು. ಟಿನ್ನನ್ನು ಕೆಳಗಿನ ಹಂತದ ಜಾಲರಿ ಮೇಲಿಡಿ. ಡಯಲ್ 170ಕ್ಕೆ ಇಳಿಸಿ. 35 ನಿಮಿಷವಾದ ಮೇಲೆ ಮೇಲೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ರಾಡ್‌ಗೆ ಮಾತ್ರ ತಾಕಬಾರದು. ಅದಕ್ಕೂ ಮೊದಲು ಬಾಗಿಲು ತೆರೆಯಬೇಡಿ.

ಡಯಲ್ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಬೇಸಿಗೆ ಸಂಜೆ ಊರೆಲ್ಲಾ ಕೂಲರ್ ಹಾಕಿದಾಗ, ಹೊಲದಲ್ಲಿ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದದ್ದು 200ಕ್ಕೆ ಇಳಿದರೆ ರಾಡ್‌ನ ಕಾವು ಹೆಚ್ಚುಕಡಿಮೆ ಕಾಲು ಭಾಗ ಕಡಿಮೆಯಾಗುತ್ತದೆ. ಆಗ ಹತ್ತು ನಿಮಿಷದ ಪ್ರೀಹೀಟ್ ಸಾಲುವುದಿಲ್ಲ, ಇಪ್ಪತ್ತು ನಿಮಿಷ ಬೇಕು. ಸಾಧ್ಯವಾದರೆ ಬೆಳಗ್ಗೆಯೇ ಬೇಯಿಸಿ. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದು ಕೊಂಡುಕೊಂಡರೆ ಈ ಊಹೆಯೆಲ್ಲಾ ತಪ್ಪುತ್ತದೆ. ಬೇಕಿಂಗ್‌ಗೆ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಅನ್ನುತ್ತೇನೆ. ಬ್ರೆಡ್‌ಗೆ ಚುಚ್ಚುವ ಥರ್ಮಾಮೀಟರ್ ಇದ್ದರೆ ನಡುಭಾಗ 96ರಿಂದ 98 ಡಿಗ್ರಿ ಬಂದಾಗ ಬೆಂದಿದೆ ಎಂದರ್ಥ. ಇಲ್ಲದವರು ಕಡ್ಡಿಯನ್ನು ಬಿರುಕಿನೊಳಗೆ, ತಳದವರೆಗೆ ಚುಚ್ಚಿ ನೋಡಿ. ಒದ್ದೆ ಹಿಟ್ಟು ಅಂಟಬಾರದು.

ಬೆಂದ ಮೇಲೂ ಬಿಸಿಬಿಸಿ ಕೊಯ್ಯಬೇಡಿ. ಪಿಷ್ಟ ಆರುತ್ತಾ ಗಟ್ಟಿಯಾಗುತ್ತದೆ, ಬಿಸಿಯಲ್ಲಿ ಕೊಯ್ದರೆ ಸರಿಯಾಗಿ ಬೆಂದದ್ದೂ ಅಂಟಾಗಿ ಕಾಣುತ್ತದೆ. ಹತ್ತು ನಿಮಿಷ ಟಿನ್‌ನಲ್ಲಿ, ಆಮೇಲೆ ಎರಡು ಗಂಟೆ ಜಾಲರಿ ಮೇಲೆ. ನಿಜವಾಗಿಯೂ ಹಸಿ ಉಳಿದಿದ್ದರೆ, ಓವನ್ ಬಿಸಿ ಇರುವಾಗಲೇ ಗೊತ್ತಾದರೆ ಫಾಯಿಲ್ ಹೊದಿಸಿ ಮತ್ತೆ 15-20 ನಿಮಿಷ ಇಡಿ. ಆರಿದ ಮೇಲೆ ಗೊತ್ತಾದರೆ, ಬರೀ ಅಂಟಿದ್ದಲ್ಲಿ ತೆಳ್ಳಗೆ ಕೊಯ್ದು ತುಪ್ಪ ಹಾಕಿ ಹಂಚಿನ ಮೇಲೆ ಎರಡೂ ಕಡೆ ಚೆನ್ನಾಗಿ ಸುಡಿ. ಹಿಟ್ಟು ಹರಿಯುವಂತಿದ್ದರೆ ಮಕ್ಕಳಿಗೆ ಕೊಡಬೇಡಿ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳು ಇರಬಹುದು.

ನನ್ನ ಅಳತೆ ಇದು. ಗೋಧಿ ಹಿಟ್ಟು 120 ಗ್ರಾಂ, ಮೈದಾ 120 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸೋಡಾ ಕಾಲು ಟೀ ಚಮಚ, ಏಲಕ್ಕಿ ಅಥವಾ ದಾಲ್ಚಿನ್ನಿ. ಇವನ್ನು ಜರಡಿ ಹಿಡಿಯಿರಿ. ಇನ್ನೊಂದು ಬೋಗುಣಿಯಲ್ಲಿ ಮೊಸರು 180 ಮಿಲಿ, ಬೆಲ್ಲದ ಪುಡಿ 150 ಗ್ರಾಂ, ಎಣ್ಣೆ 100 ಮಿಲಿ, ಬೆಲ್ಲ ಕರಗುವವರೆಗೆ ಕಲಸಿ. ಅದಕ್ಕೆ 250 ಗ್ರಾಂ ಸೋರೆಯ ಹಿಂಡಿದ ತುರಿ, ಒಂದು ಸಣ್ಣ ಕ್ಯಾರೆಟ್. ಕೊನೆಗೆ ಎರಡನ್ನೂ ಕೂಡಿಸಿ, ಒಣ ಹಿಟ್ಟು ಕಾಣದಾದ ತಕ್ಷಣ ಕೈ ನಿಲ್ಲಿಸಿ. ಗಂಟು ಇದ್ದರೂ ಪರವಾಗಿಲ್ಲ. ಜಾಸ್ತಿ ತಿರುವಿದರೆ ಗೋಧಿಯ ಅಂಟು ಬಲಗೊಂಡು ಬ್ರೆಡ್ ರಬ್ಬರಾಗುತ್ತದೆ. ಹದ ನೋಡುವುದು ಹೀಗೆ: ಮಿರ್ಚಿ ಬಜ್ಜಿ ಹಿಟ್ಟಿಗಿಂತ ಗಟ್ಟಿಯಿರಬೇಕು, ಸೌಟು ಎತ್ತಿದರೆ ಧಾರೆಯಾಗಿ ಇಳಿಯದೆ ಧೊಪ್ಪನೆ ಬೀಳಬೇಕು. ತೀರಾ ಗಟ್ಟಿಯೆನಿಸಿದರೆ ಒಂದೆರಡು ಚಮಚ ಹಾಲು ಹಾಕಿ. ಟಿನ್‌ನ ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ. ಸೂರ್ಯಕಾಂತಿ ಬೀಜ ಧಾರಾಳವಾಗಿ ಹಾಕಿ, ಈ ಅಳತೆಯಲ್ಲಿ ಹಸಿರಾಗುವುದು ಅಪರೂಪ.

ಮೊಟ್ಟೆ ಇಲ್ಲದ್ದಕ್ಕೆ ಹೀಗಾಯಿತಾ ಅಂದಿರಿ. ಇಲ್ಲ. ಮೊಟ್ಟೆ ಕಟ್ಟಿ ಹಿಡಿಯುತ್ತದೆ ನಿಜ, ಆ ಕೆಲಸವನ್ನು ಇಲ್ಲಿ ಗಟ್ಟಿ ಮೊಸರು ಮಾಡುತ್ತದೆ. ಮಕ್ಕಳಿಗೆ ತರಕಾರಿ ಹೋಗಲಿ ಅಂತ ಇದನ್ನು ಮಾಡುತ್ತಿದ್ದೀರಲ್ಲ, ಅದಕ್ಕೊಂದು ಮಾತು. ಒಂದು ತುಂಡಿಗೆ ಸಿಗುವುದು ಸುಮಾರು 20 ಗ್ರಾಂ ಸೋರೆ, 12 ಗ್ರಾಂ ಬೆಲ್ಲ. ಇದು ತಿಂಡಿ, ಪಲ್ಯದ ಬದಲಿ ಅಲ್ಲ. ತುರಿಯುವ ಕೆಲಸವನ್ನು ಮಕ್ಕಳ ಕೈಗೇ ಕೊಡಿ. ತಾವೇ ತುರಿದ ಕಾಯಿಯನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳನ್ನು ನಾನು ತರಗತಿಯಲ್ಲಿ ನೋಡುತ್ತಲೇ ಇರುತ್ತೇನೆ.

ಆದರೆ ಅದಕ್ಕೂ ಮೊದಲು ನೀವು ರುಚಿ ನೋಡಬೇಕು. ಈ ಪತ್ರದಲ್ಲಿ ನೀವು ಕೇಳದೆ ಇದ್ದದ್ದು ಇದೊಂದೇ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ. ಪ್ರತಿ ಸೋರೆಕಾಯಿಯಿಂದ ಒಂದು ಸಣ್ಣ ಚೂರು ಕೊಯ್ದು ನಾಲಿಗೆ ತುದಿಗೆ ಮುಟ್ಟಿಸಿ ಉಗಿಯಿರಿ. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಸೋರೆ, ಸೌತೆ, ಹೀರೆ, ಕುಂಬಳದ ಜಾತಿಯಲ್ಲಿ ಕುಕರ್ಬಿಟಾಸಿನ್ ಅನ್ನುವ ಕಹಿ ವಿಷ ಇರುತ್ತದೆ. ಸಾಮಾನ್ಯವಾಗಿ ಅತಿ ಕಡಿಮೆ. ಬಿಸಿಲು, ನೀರಿನ ಕೊರತೆ, ಕಾಡು ಬಳ್ಳಿಯ ಜೊತೆ ಬೆರೆತ ಬೀಜ, ಇವುಗಳಿಂದ ಒಮ್ಮೊಮ್ಮೆ ಏರುತ್ತದೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿಗೆ ಇನ್ನೂ ಜಾಗ್ರತೆ ಬೇಕು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಪಲ್ಯದಲ್ಲಾದರೆ ಮೊದಲ ತುತ್ತಿಗೇ ಗೊತ್ತಾಗಿ ಉಗಿಯುತ್ತೇವೆ. ಬ್ರೆಡ್‌ನಲ್ಲಿ ಬೆಲ್ಲ, ದಾಲ್ಚಿನ್ನಿ ಆ ಕಹಿಯನ್ನು ಮುಚ್ಚಿಬಿಡಬಹುದು, ನನ್ನ ಹೆದರಿಕೆ ಅದು. ಕಹಿ ಸೋರೆ ರಸ ಕುಡಿದು ನಮ್ಮ ದೇಶದಲ್ಲಿ ಸಾವು ಸಂಭವಿಸಿವೆ. ಕಹಿ ಇದ್ದರೆ ಕುಡಿಯಲೇಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಚ್ಚರಿಸಿದೆ. ತಿಂದ ಮೇಲೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿವಿಷ ಇಲ್ಲ, ಬೇಗ ಚಿಕಿತ್ಸೆ ಸಿಗುವುದೇ ದಾರಿ.

ಜೋಳದ ಹಿಟ್ಟು ಖಂಡಿತಾ ಹಾಕಬಹುದು, ಒಟ್ಟು ಹಿಟ್ಟಿನ ಕಾಲು ಭಾಗದವರೆಗೆ. ಜೋಳದಲ್ಲಿ ಗೋಧಿಯ ಅಂಟಿಲ್ಲ, ಹಾಗೇ ಹಾಕಿದರೆ ಬ್ರೆಡ್ ಪುಡಿಪುಡಿಯಾಗುತ್ತದೆ. ನೀವು ರೊಟ್ಟಿಗೆ ಮಾಡುವುದನ್ನೇ ಇಲ್ಲೂ ಮಾಡಿ. 60 ಗ್ರಾಂ ಬಿಳಿಜೋಳದ ಹಿಟ್ಟಿಗೆ 60 ಮಿಲಿ ಕುದಿಯುವ ಎಸರು ಹಾಕಿ ಕಲಸಿ ಮುಚ್ಚಿಡಿ. ಪೂರ್ತಿ ಆರಿದ ಮೇಲೆ ಮೊಸರಲ್ಲಿ ಕದಡಿ ಸೇರಿಸಿ. ಆಗ ಗೋಧಿ 120, ಮೈದಾ 60 ಗ್ರಾಂ ಇರಲಿ, ಮೊಸರನ್ನು 150 ಮಿಲಿಗೆ ಇಳಿಸಿ. ಎಸರಿಗೆ ಜೋಳದ ಪಿಷ್ಟ ಅರಳಿ ಅಂಟಾಗುತ್ತದೆ, ಮರುದಿನವೂ ಬ್ರೆಡ್ ಒಣಗುವುದಿಲ್ಲ. ನನಗಂತೂ ಮೈದಾ ಬ್ರೆಡ್‌ಗಿಂತ ಇದರ ರುಚಿಯೇ ಇಷ್ಟ, ಮೇಲೆ ಗುರೆಳ್ಳು ಉದುರಿಸಿದರೆ ಇನ್ನೂ ಚೆಂದ.

ಇಟ್ಟುಕೊಳ್ಳುವ ವಿಷಯ: ಪೂರ್ತಿ ಆರದೆ ಡಬ್ಬಿಗೆ ಹಾಕಬೇಡಿ. ಚಳಿಗಾಲದಲ್ಲಿ ಹೊರಗೆ ಎರಡು ದಿನ, ಬೇಸಿಗೆಯಲ್ಲಿ ಒಂದೇ ದಿನ. ಆಮೇಲೆ ಫ್ರಿಜ್. ಕೊಯ್ದು ಫ್ರೀಜರ್‌ನಲ್ಲಿಟ್ಟರೆ ತಿಂಗಳು ಬಾಳುತ್ತದೆ, ಬೇಕಾದಾಗ ಹಂಚಿನ ಮೇಲೆ ಬಿಸಿ ಮಾಡಿ.

ಕುಕ್ಕರ್‌ನಲ್ಲಿ ಆಗುತ್ತದೆ, ಆದರೆ ರಬ್ಬರ್ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು. ತಳಕ್ಕೆ ಒಂದು ಅಂಗುಲ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ ಟಿನ್ ಇಳಿಸಿ. ನೀರಿಲ್ಲದೆ ಕುಕ್ಕರ್ ಕಾಯಿಸುವುದರಿಂದ ತಳ ಸೊಟ್ಟಗಾಗುವ ಅಪಾಯ ಇದ್ದೇ ಇದೆ. ಅದಕ್ಕೇ ದಿನಾ ಬೇಳೆ ಬೇಯಿಸುವ ಕುಕ್ಕರ್ ಬೇಡ. ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆಗೆ ಭಾರದ ಮುಚ್ಚಳ ಹಾಕಿದರೂ ಇದೇ ಕೆಲಸ ನಡೆಯುತ್ತದೆ. ಉದ್ದನೆ ಟಿನ್ ಬದಲು ಅಗಲವಾದ ಗುಂಡು ಟಿನ್ ಬಳಸಿ, ಹಿಟ್ಟು ಎರಡು ಅಂಗುಲಕ್ಕಿಂತ ದಪ್ಪ ಇರದಿರಲಿ. ಮೇಲಿನಿಂದ ಕಾವಿಲ್ಲದ್ದರಿಂದ ಬಣ್ಣ ಬಿಳಿಚಿಕೊಂಡೇ ಇರುತ್ತದೆ. ಅದನ್ನು ನೋಡಿ ಉರಿ ಏರಿಸಿದರೆ ತಳ ಸೀಯುತ್ತದೆ. 45 ನಿಮಿಷಕ್ಕೆ ಮೊದಲ ಸಲ ಕಡ್ಡಿ ಚುಚ್ಚಿ, ಆಮೇಲೆ ಹತ್ತು ಹತ್ತು ನಿಮಿಷಕ್ಕೆ ನೋಡುತ್ತಿರಿ.